ಕುದಿಸಿದ್ದಾಯ್ತು, ಉಜ್ಜಿದ್ದಾಯ್ತಾ?

ನನ್ನ ಮೊಮ್ಮಗ ದಿನ ತುಂಬುವ ಮೊದಲೇ, 35ನೇ ವಾರಕ್ಕೇ ಹುಟ್ಟಿದ. ಎದೆಗೆ ಹಾಕಿದರೆ ನಾಲ್ಕು ಗುಟುಕಿಗೆ ಸುಸ್ತಾಗಿ ಕಣ್ಣು ಮುಚ್ಚಿಬಿಡುತ್ತಿದ್ದ. ಹಾಗಾಗಿ ಮಗಳು ಪಂಪಿನಲ್ಲಿ ಹಾಲು ತೆಗೆದು ಕುಡಿಸಬೇಕಾಯಿತು. ಅಳಿಯ ಅದೇ ದಿನ ಆರು ಬಾಟಲಿ, ಒಂದು ಸ್ಟೆರಿಲೈಸರ್ ತಂದಿಟ್ಟ. ಗುಂಡಿ ಒತ್ತಿದರೆ ಹಬೆ, ಹತ್ತು ನಿಮಿಷಕ್ಕೆ ಟಿಣ್ ಎಂದು ಸದ್ದು. ಮನೆಯಲ್ಲಿ ಎಲ್ಲರಿಗೂ ನಿರಾಳ.

ಹನ್ನೆರಡನೆಯ ದಿನವೋ ಏನೋ, ರಾತ್ರಿ ಬಾಟಲಿ ಕೈಗೆತ್ತಿಕೊಂಡಾಗ ಹುಳಿ ವಾಸನೆ ಬಂತು. ನಿಪ್ಪಲ್ ಕೂರುವ ಬಳೆಯನ್ನು ಬಿಚ್ಚಿ ದೀಪದ ಕೆಳಗೆ ಹಿಡಿದೆ. ಮರೆಯ ಸುತ್ತಿನೊಳಗೆ ಹಳದಿ ಬಣ್ಣದ ಹಾಲಿನ ಗಸಿ, ಉಗುರಿನಲ್ಲಿ ಕೆರೆದರೆ ಬರುವಷ್ಟಿತ್ತು.

“ಅಮ್ಮ, ದಿನಾ ಎಂಟು ಸಲ ಹಬೆಯಲ್ಲಿ ಇಡ್ತಿದೀನಲ್ಲ, ವಾಸನೆ ಹೇಗೆ ಬರುತ್ತೆ?” ಎಂದಳು ಮಗಳು. ಅವಳ ಕಣ್ಣಲ್ಲಿ ನೀರಿತ್ತು. ಅವಳದು ತಪ್ಪಲ್ಲ. ಪೆಟ್ಟಿಗೆಯ ಜೊತೆ ಬಂದ ಚೀಟಿಯಲ್ಲಿ ಗುಂಡಿ ಒತ್ತುವುದು ಹೇಗೆಂದು ದೊಡ್ಡ ಚಿತ್ರವಿತ್ತು, ಬಳೆ ಬಿಚ್ಚಿ ಉಜ್ಜಬೇಕೆಂಬ ಮಾತು ಎಲ್ಲೋ ಮೂಲೆಯಲ್ಲಿ ಚಿಕ್ಕ ಅಕ್ಷರದಲ್ಲಿತ್ತು. ಆ ರಾತ್ರಿಯಿಂದ ಈ ವಿಷಯದಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ, ಮಕ್ಕಳ ಡಾಕ್ಟರನ್ನು ಕೇಳಿದೆ. ಮಗುವಿರುವ ಮನೆಗಳಲ್ಲಿ ಓಡಾಡುವ ಎಷ್ಟೋ ನಂಬಿಕೆಗಳು ಅರ್ಧ ನಿಜ, ಅರ್ಧ ಅಪಾಯ ಎಂದು ತಿಳಿಯಿತು.

“ಕುದಿಸಿದರೆ ಎಲ್ಲ ಹೋಗುತ್ತೆ”

ಎಲ್ಲಕ್ಕಿಂತ ಗಟ್ಟಿಯಾಗಿ ಬೇರು ಬಿಟ್ಟಿರುವ ನಂಬಿಕೆ ಇದೇ. ಕುದಿಯುವ ನೀರು, ಹಬೆ ಎರಡೂ ಕ್ರಿಮಿಗಳನ್ನು ಕೊಲ್ಲುತ್ತವೆ, ನಿಜ. ಆದರೆ ಹಾಲಿನ ಜಿಡ್ಡನ್ನು ತೆಗೆಯುವುದಿಲ್ಲ. ಹಾಲು ಕಾಯಿಸಿದ ಪಾತ್ರೆಯ ತಳ ಉಜ್ಜಿದವರಿಗೆ ಇದನ್ನು ಬೇರೆ ಹೇಳಬೇಕಿಲ್ಲ: ಬಿಸಿ ತಗುಲಿದಷ್ಟೂ ಹಾಲು ಪಾತ್ರೆಗೆ ಕಚ್ಚಿಕೊಳ್ಳುತ್ತದೆ. ಬಾಟಲಿಯಲ್ಲೂ ಅದೇ ಕತೆ. ಜಿಡ್ಡಿನ ಪದರದಡಿ ಅವಿತ ಕೆಲವು ಕ್ರಿಮಿಗಳು ಉಳಿಯಬಹುದು. ಒಂದೂ ಉಳಿಯಲಿಲ್ಲವೆಂದೇ ಇಟ್ಟುಕೊಳ್ಳಿ, ಬಾಟಲಿ ಆರಿದ ಮೇಲೆ ಗಾಳಿಯಿಂದಲೋ ಕೈಯಿಂದಲೋ ಬಂದು ಕೂರುವ ಹೊಸ ಕ್ರಿಮಿಗೆ ಊಟ ಬಡಿಸಿಟ್ಟ ಹಾಗಿರುತ್ತದೆ.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 2016ರಲ್ಲಿ ನಡೆದದ್ದನ್ನು ಓದಿ ನನಗೆ ನಿದ್ದೆ ಬರಲಿಲ್ಲ. ಅವಧಿಗೆ ಮುಂಚೆ ಹುಟ್ಟಿದ ಕೂಸು, ಕುಡಿಯುತ್ತಿದ್ದದ್ದು ತಾಯಿಯದೇ ಹಾಲು. ಅದಕ್ಕೆ ಕ್ರೋನೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಸೋಂಕು ತಗುಲಿತು. ಮೂಲ ಹುಡುಕುತ್ತಾ ಹೋದವರಿಗೆ ಆ ಬ್ಯಾಕ್ಟೀರಿಯಾ ಸಿಕ್ಕಿದ್ದು ಹಾಲು ತೆಗೆಯುವ ಪಂಪಿನಲ್ಲಿ ಮತ್ತು ಅಡುಗೆಮನೆಯ ಸಿಂಕಿನ ನೀರು ಹೋಗುವ ಕಿಂಡಿಯಲ್ಲಿ. ಪಂಪಿನ ಭಾಗಗಳನ್ನು ಸೋಪಿನ ನೀರಿನಲ್ಲಿ ಗಂಟೆಗಟ್ಟಲೆ ನೆನೆಹಾಕಿ, ಉಜ್ಜದೆ ಜಾಲಿಸಿ ಎತ್ತಿಡುತ್ತಿದ್ದರಂತೆ. ನೆನೆಹಾಕುವುದೂ ತೊಳೆಯುವುದೂ ಒಂದೇ ಎಂದು ನಾವೂ ತಿಳಿದಿಲ್ಲವೇ?

ಅದಾದ ಮೇಲೆ ನಮ್ಮ ಮನೆಯಲ್ಲಿ ಮಗುವಿನ ಸಾಮಾನು ಸಿಂಕಿಗೆ ಇಳಿದಿಲ್ಲ. ಅದಕ್ಕೆಂದೇ ಒಂದು ಬೋಗುಣಿ, ಒಂದು ಉದ್ದ ಬ್ರಷ್. ಬೋಗುಣಿ, ಬ್ರಷ್ಷುಗಳನ್ನೂ ತೊಳೆದು ಒಣಗಿಸಬೇಕು. ಕುಡಿಸಿ ಮುಗಿದ ತಕ್ಷಣ ಎಲ್ಲ ಭಾಗ ಬಿಚ್ಚಿ, ಮೊದಲು ತಣ್ಣೀರಿನಲ್ಲಿ ಜಾಲಿಸುವುದು, ಏಕೆಂದರೆ ಮೊದಲೇ ಬಿಸಿನೀರು ಹಾಕಿದರೆ ಹಾಲು ಒಡೆದಂತಾಗಿ ಅಂಟಿಕೊಳ್ಳುತ್ತದೆ. ಆಮೇಲೆ ಬಿಸಿನೀರು, ಸೋಪು. ನಿಪ್ಪಲನ್ನು ಒಳಗು ಹೊರಗು ಮಾಡಿ ಉಜ್ಜಿ, ತೂತಿನಿಂದ ನೀರು ಹಾಯಿಸಬೇಕು. ಕುದಿಸುವ ಸರದಿ ಬರುವುದು ಇಷ್ಟೆಲ್ಲ ಆದ ಮೇಲೆ.

ಕುದಿಸುವಾಗ ಪ್ರತಿ ಭಾಗವೂ ನೀರಿನಲ್ಲಿ ಪೂರ್ತಿ ಮುಳುಗಿರಬೇಕು, ಬಾಟಲಿಯೊಳಗೆ ಗಾಳಿಯ ಗುಳ್ಳೆ ಸಿಕ್ಕಿಕೊಂಡಿರಬಾರದು. ಎಷ್ಟು ಹೊತ್ತು? ಅಮೆರಿಕದವರು 5 ನಿಮಿಷ ಎನ್ನುತ್ತಾರೆ, ಬ್ರಿಟನ್ನಿನವರು 10. ನಾನು ಹತ್ತನ್ನೇ ಹಿಡಿದಿದ್ದೇನೆ, ಅದೂ ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಲೆಕ್ಕ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವುದರಿಂದ ಅಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ, ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆ. ಇದರಿಂದ ಚಿಂತೆಯಿಲ್ಲ, ಭೇದಿ ತರುವ ಕ್ರಿಮಿಗಳು ಅದಕ್ಕಿಂತ ಎಷ್ಟೋ ಕಡಿಮೆ ಶಾಖಕ್ಕೇ ಸಾಯುತ್ತವೆ. ದುಬಾರಿ ಸ್ಟೆರಿಲೈಸರ್ ಇಲ್ಲವೆಂದು ಕೊರಗಬೇಕಾಗಿಯೂ ಇಲ್ಲ. ಶುಭ್ರವಾದ ಇಡ್ಲಿ ಪಾತ್ರೆಯಲ್ಲಿ ಏಳುವುದೂ ಅದೇ ಹಬೆ. ಆದರೆ ಗೀಸರಿನ ನೀರನ್ನೋ ಹಂಡೆಯ ನೀರನ್ನೋ ಒಂದು ಸಲ ಸುರಿದು ಕುಲುಕಿ ಚೆಲ್ಲಿದರೆ ಅದನ್ನು ಕುದಿಸಿದ್ದು ಎನ್ನಲಾಗದು. ಸುರಿದ ನೀರು ಕ್ಷಣದಲ್ಲೇ ತಣಿದುಬಿಡುತ್ತದೆ.

ಕೊನೆಗೆ ಒಣಗಿಸುವುದು. ಒದ್ದೆ ಬಾಟಲಿಯ ಮುಚ್ಚಳ ಬಿಗಿದು ಎತ್ತಿಟ್ಟರೆ ಒಳಗಿನ ಹಸಿಯಲ್ಲಿ ಕ್ರಿಮಿ ಮತ್ತೆ ಬೆಳೆಯುತ್ತದೆ. ಹಾಗೆಂದು ಹೆಗಲ ಮೇಲಿನ ಟವೆಲಿನಿಂದಲೋ ಸೆರಗಿನಿಂದಲೋ ಒರೆಸಿದರೆ ಅಷ್ಟು ಹೊತ್ತು ಪಟ್ಟ ಪಾಡೆಲ್ಲ ನೀರುಪಾಲು. ಒಗೆದ ಬಿಳಿ ಬಟ್ಟೆಯ ಮೇಲೆ ಬೋರಲು ಹಾಕಿ, ತಾನಾಗಿ ಆರಲು ಬಿಡಬೇಕು.

“ಒಳಲೆಗೆ ಅದೆಲ್ಲ ಬೇಡ, ಬೆಳ್ಳಿ ತಾನೇ”

ನಮ್ಮ ಬೀಗಿತ್ತಿ ನಾಮಕರಣಕ್ಕೆ ಬೆಳ್ಳಿ ಒಳಲೆ ತಂದಿದ್ದರು, ಅವರ ಅತ್ತೆಯ ಕಾಲದ್ದು. ಬೆಳ್ಳಿಯಲ್ಲಿ ಕ್ರಿಮಿ ನಿಲ್ಲುವುದಿಲ್ಲ ಎಂದು ಅವರ ನಂಬಿಕೆ. ಬೆಳ್ಳಿಗೆ ಆ ಗುಣ ಸ್ವಲ್ಪ ಇರುವುದು ನಿಜವೇ. ಆದರೆ ಅದು ನಿಧಾನವಾಗಿ ಕೆಲಸ ಮಾಡುವಂಥದ್ದು. ಹಾಲಿನ ಪದರ ಅಂಟಿದ ಮೇಲೆ ಲೋಹಕ್ಕೂ ಕ್ರಿಮಿಗೂ ಮುಖಾಮುಖಿಯೇ ಆಗುವುದಿಲ್ಲ. ಬೆಳ್ಳಿಯಿರಲಿ, ಸ್ಟೀಲಿರಲಿ, ಕೂಸಿನ ಒಳಲೆಯನ್ನು ಉಜ್ಜಿ ಕುದಿಸಲೇಬೇಕು.

ಹೀಗೆಂದರೂ ಒಳಲೆಯ ಮೇಲೆ ನನಗಿರುವ ಗೌರವ ಬಹಳ. ಬಾಯಗಲದ ಪಾತ್ರೆ, ಸುರಿಯಲು ತೆರೆದ ಮೂತಿ. ಬೆರಳಿಗೆ ಎಟುಕದ ಮೂಲೆಯಾಗಲಿ ಮರೆಯ ಸುತ್ತಾಗಲಿ ಅದರಲ್ಲಿಲ್ಲ. ಎದೆಗೆ ಹಾಕಲಾಗದ ಕೂಸಿಗೆ ಬಾಟಲಿ ಬಿಟ್ಟು ಬಟ್ಟಲು, ಚಮಚ, ಒಳಲೆಗಳಲ್ಲಿ ಕುಡಿಸಿ ಎಂದು ನಮ್ಮ ಮಕ್ಕಳ ವೈದ್ಯರು ಹೇಳುವುದಕ್ಕೆ ಒಂದು ದೊಡ್ಡ ಕಾರಣ ತೊಳೆಯುವ ಈ ಸಲೀಸು. ಹತ್ತೊಂಬತ್ತನೇ ಶತಮಾನದ ಯುರೋಪಿನಲ್ಲಿ ಉದ್ದ ರಬ್ಬರ್ ಕೊಳವೆಯ ಬಾಟಲಿಗಳಿದ್ದವು. ಕೂಸು ಮಲಗಿದಲ್ಲೇ ತಾನಾಗಿ ಹೀರಿಕೊಳ್ಳಬಹುದು ಎಂದು ಮನೆಮನೆಗೂ ಬಂದವು. ಆ ಕೊಳವೆಯ ಒಳಗನ್ನು ತೊಳೆಯುವ ದಾರಿಯೇ ಇರಲಿಲ್ಲ. ಎಷ್ಟು ಕೂಸುಗಳು ಹೋದವೆಂದರೆ ಇಂಗ್ಲೆಂಡಿನಲ್ಲಿ ಅದಕ್ಕೆ ಕೊಲೆಗಡುಕ ಬಾಟಲಿ ಎಂದೇ ಹೆಸರು ಬಿತ್ತು. ಫ್ರಾನ್ಸ್ 1910ರಲ್ಲಿ ಕಾನೂನು ಮಾಡಿ ಅದನ್ನು ನಿಲ್ಲಿಸಿತು.

ನಮ್ಮಲ್ಲೂ ಕಾನೂನಿದೆ. ಹಾಲುಣಿಸುವ ಬಾಟಲಿಗಾಗಲಿ ಎದೆಹಾಲಿನ ಬದಲು ಕೊಡುವ ಪುಡಿಗಾಗಲಿ ಜಾಹೀರಾತು ಕೊಡುವುದನ್ನು 1992ರ ಕಾಯ್ದೆ ನಿಷೇಧಿಸಿದೆ. 2003ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಲಾಯಿತು. ಇಷ್ಟಿದ್ದರೂ ಕೂಸು ನೋಡಲು ಬಂದವರ ಕೈಚೀಲದಿಂದ ಮೊದಲು ಹೊರಬರುವುದು ಬಾಟಲಿಯ ಸೆಟ್ಟೇ. ಎದೆಗೆ ಹಾಕಿ ಕುಡಿಸಲು ಆಗುವ ತಾಯಿಗೆ ಕುದಿಸುವ ಗೊಡವೆಯೇ ಇಲ್ಲ. ಪ್ರತಿ ಸಲ ಎದೆಯನ್ನು ಸೋಪಿನಿಂದ ತೊಳೆಯುವುದೂ ಬೇಡ, ಚರ್ಮ ಒಣಗಿ ಬಿರಿಯುತ್ತದೆ, ಅಷ್ಟೆ.

“ಎಷ್ಟು ತಿಂಗಳವರೆಗೆ?”

ಇದಕ್ಕೆ ಜಗತ್ತಿನಲ್ಲಿ ಒಂದೇ ಉತ್ತರವಿಲ್ಲ ಎಂಬುದೇ ಜನರನ್ನು ಗೊಂದಲಕ್ಕೆ ತಳ್ಳುವುದು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಮಗುವಿಗೆ ವರ್ಷ ತುಂಬುವವರೆಗೂ ಬಾಟಲಿಗಳನ್ನು ಸ್ಟೆರಿಲೈಸ್ ಮಾಡಿ ಎನ್ನುತ್ತದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಮಾತು ಬೇರೆ: ಎರಡು ತಿಂಗಳೊಳಗಿನ ಕೂಸು, ಅವಧಿಗೆ ಮುಂಚೆ ಹುಟ್ಟಿದ್ದು, ರೋಗನಿರೋಧಕ ಶಕ್ತಿ ಕುಂದಿರುವುದು, ಇವಕ್ಕೆ ದಿನಕ್ಕೊಮ್ಮೆಯಾದರೂ ಮಾಡಿ. ಆರೋಗ್ಯವಾಗಿರುವ ದೊಡ್ಡ ಮಗುವಿಗೆ ಪ್ರತಿ ಸಲವೂ ಸರಿಯಾಗಿ ತೊಳೆದರೆ ದಿನಾ ಕುದಿಸಬೇಕಿಲ್ಲ.

ಆಸ್ಟ್ರೇಲಿಯಾದಲ್ಲೋ ಅಮೆರಿಕದಲ್ಲೋ ಇರುವ ಅಕ್ಕ ಫೋನಿನಲ್ಲಿ “ನಾವೆಲ್ಲ ಎರಡು ತಿಂಗಳಿಗೇ ನಿಲ್ಲಿಸಿದ್ವಿ ಕಣೇ” ಎಂದಾಗ ಇಲ್ಲಿಯ ತಂಗಿ ಯೋಚಿಸಬೇಕಾದ್ದು ತನ್ನ ಮನೆಯ ನೀರಿನ ಬಗ್ಗೆ. ಅಕ್ಕನ ನಲ್ಲಿಯಲ್ಲಿ ಬರುವುದು ಹಾಗೇ ಕುಡಿಯಬಹುದಾದ ನೀರು. ನಮ್ಮಲ್ಲಿ ಮೂರು ದಿನಕ್ಕೊಮ್ಮೆ ಬಂದ ನೀರು ಸಂಪಿಗೆ ಬಿದ್ದು, ಅಲ್ಲಿಂದ ಟ್ಯಾಂಕಿಗೆ ಏರಿ, ನಲ್ಲಿಗೆ ಇಳಿಯುತ್ತದೆ. ಸಂಪು ತೊಳೆದು ಎಷ್ಟು ದಿನವಾಯಿತೋ! ಜಾಲಿಸುವ ನೀರೇ ಶಂಕೆಯದಾದರೆ ತೊಳೆದದ್ದನ್ನು ನಂಬುವುದು ಹೇಗೆ? ಅದಕ್ಕೇ ನನ್ನ ಅಭಿಪ್ರಾಯ ಇದು: ಮೊದಲ ಮೂರು ತಿಂಗಳು, ದಿನ ತುಂಬದ ಕೂಸಾದರೆ ಡಾಕ್ಟರು ಹೇಳುವವರೆಗೂ, ಪ್ರತಿ ಸಲ ಕುದಿಸಿ. ಆಮೇಲೆ ದಿನಕ್ಕೊಮ್ಮೆ. ಸಂಪು, ಟ್ಯಾಂಕರು, ಬೋರ್‌ವೆಲ್ಲಿನ ನೀರಾದರೆ ಬಾಟಲಿ ಇರುವವರೆಗೂ ಬಿಡಬೇಡಿ. ಆರು ತಿಂಗಳಾದ ಮೇಲೆ ರಾಗಿ ಸರಿ ತಿನ್ನಿಸುವ ಬಟ್ಟಲು, ಚಮಚಗಳಿಗೆ ಇಷ್ಟು ಕಟ್ಟುನಿಟ್ಟು ಬೇಡ. ಬಿಸಿನೀರು, ಸೋಪಿನಲ್ಲಿ ಉಜ್ಜಿ ಒಣಗಿಸಿದರೆ ಸಾಕು. ಆದರೆ ಆ ಸರಿಯನ್ನೇ ನೀರಾಗಿಸಿ, ನಿಪ್ಪಲಿನ ತೂತು ದೊಡ್ಡದು ಮಾಡಿ ಬಾಟಲಿಯಲ್ಲಿ ಕುಡಿಸುವ ಅಭ್ಯಾಸ ಮಾತ್ರ ಖಂಡಿತ ಬೇಡ. ಆ ಬಾಟಲಿಯನ್ನು ತೊಳೆದು ಶುದ್ಧ ಮಾಡುವುದು ಯಾರಿಂದಲೂ ಆಗದ ಕೆಲಸ.

“ಡಬ್ಬಿಯ ಪುಡಿಯಲ್ಲಿ ಕ್ರಿಮಿ ಎಲ್ಲಿಂದ ಬರಬೇಕು?”

ಸೀಲು ಮಾಡಿದ ಡಬ್ಬಿ, ಕಾರ್ಖಾನೆಯ ಮಾಲು, ಹಾಗಾಗಿ ಶುದ್ಧ ಎಂದುಕೊಳ್ಳುತ್ತೇವೆ. ಹಾಲಿನ ಪುಡಿಯನ್ನು ಪೂರ್ತಿ ಕ್ರಿಮಿರಹಿತವಾಗಿ ತಯಾರಿಸಲು ಆಗುವುದಿಲ್ಲ. ಮೇಲೆ ಹೇಳಿದ ಕ್ರೋನೋಬ್ಯಾಕ್ಟರ್ ಒಣ ಪುಡಿಯಲ್ಲಿ ತಿಂಗಳುಗಟ್ಟಲೆ ಬದುಕಿರಬಲ್ಲದು. ಸೋಂಕು ಬಲು ಅಪರೂಪ, ಆದರೆ ಎಳೆಗೂಸಿಗೆ ತಗುಲಿದರೆ ಮಿದುಳಿನ ಪೊರೆಗೇ ಹೋಗುವಂಥದ್ದು. ಅಮೆರಿಕದ ದೊಡ್ಡ ಕಾರ್ಖಾನೆಯೊಂದು 2022ರಲ್ಲಿ ತಿಂಗಳುಗಟ್ಟಲೆ ಬಾಗಿಲು ಹಾಕಿದ್ದು ಇದೇ ಬ್ಯಾಕ್ಟೀರಿಯಾದ ಭಯಕ್ಕೆ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2007ರಲ್ಲಿ ಇದಕ್ಕೆ ಮಾರ್ಗಸೂಚಿ ಹೊರಡಿಸಿದವು. ಪುಡಿ ಬೆರೆಸುವ ನೀರು 70 ಡಿಗ್ರಿಗೆ ಕಡಿಮೆ ಇರಬಾರದು ಎಂಬುದು ಅದರ ಮುಖ್ಯ ಮಾತು. ಒಂದು ಲೀಟರ್ ನೀರು ಕುದಿಸಿ, ಅರ್ಧ ಗಂಟೆ ಮೀರದಂತೆ ಇಟ್ಟು, ಆ ಬಿಸಿಯಲ್ಲೇ ಪುಡಿ ಬೆರೆಸಿ, ಆಮೇಲೆ ತಣ್ಣೀರಿನ ಪಾತ್ರೆಯಲ್ಲಿ ಬಾಟಲಿಯನ್ನು ಇಟ್ಟು ಆರಿಸಬೇಕು. ಮಣಿಕಟ್ಟಿನ ಮೇಲೆ ಎರಡು ಹನಿ ಬಿಟ್ಟು ನೋಡದೆ ಕುಡಿಸುವಂತಿಲ್ಲ. ನಾವು ಮಾಡುವುದು ತಿರುಗುಮುರುಗು: ನೀರನ್ನು ಮೊದಲೇ ಆರಿಸಿ, ಉಗುರು ಬೆಚ್ಚಗಾದ ಮೇಲೆ ಪುಡಿ ಹಾಕುತ್ತೇವೆ. ಬಾಟಲಿಯನ್ನು ಇಪ್ಪತ್ತು ನಿಮಿಷ ಕುದಿಸಿದ ಮನೆಯಲ್ಲೇ ಪುಡಿಯೊಳಗಿನ ಕ್ರಿಮಿ ಬೆಚ್ಚಗೆ ಬದುಕಿರುತ್ತದೆ. ಫಿಲ್ಟರಿನ ನೀರೆಂದು ಕುದಿಸದೆ ಬಳಸುವುದೂ ಸಲ್ಲದು. ಕುಡಿದು ಉಳಿದದ್ದನ್ನು ಚೆಲ್ಲಬೇಕು. ಬೆರೆಸಿಟ್ಟ ಹಾಲಿಗೆ ಹೊರಗಿದ್ದರೆ ಎರಡು ಗಂಟೆಯೇ ಆಯುಸ್ಸು.

“ನೆಲದ ಮೇಲಿನದೆಲ್ಲ ಬಾಯಿಗೆ ಹಾಕ್ಕೊಳ್ಳುತ್ತೆ, ಬಾಟಲಿ ಒಂದನ್ನೇ ಯಾಕೆ ಕುದಿಸೋದು?”

ಪಕ್ಕದ ಮನೆಯ ಅಜ್ಜಿ ಕೇಳಿದ ಪ್ರಶ್ನೆ ಇದು, ಒಳ್ಳೆಯ ಪ್ರಶ್ನೆ. ನೆಲದ ಆಟಿಕೆಯ ಮೇಲೆ ಕ್ರಿಮಿ ಇರುತ್ತದೆ, ಬೆಳೆಯಲು ಅದಕ್ಕೆ ಅಲ್ಲಿ ಏನೂ ಇಲ್ಲ. ಬೆಚ್ಚಗಿನ ಹಾಲಿನಲ್ಲಿ ಕೆಲವು ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲವು. ಒಂದು ಎರಡಾಗಿ, ಎರಡು ನಾಲ್ಕಾಗಿ ಹೋದರೆ ಏಳು ಗಂಟೆಯೊಳಗೆ ಹತ್ತು ಲಕ್ಷ ದಾಟುತ್ತದೆ. ರಾತ್ರಿ ಹತ್ತಕ್ಕೆ ಅರ್ಧ ಕುಡಿದು ಬಿಟ್ಟ ಬಾಟಲಿಯನ್ನು ಬೆಳಗಿನ ಜಾವ ಬಾಯಿಗಿಟ್ಟರೆ ಕೂಸು ಕುಡಿಯುವುದು ಆ ಹತ್ತು ಲಕ್ಷವನ್ನು.

ಅತಿ ಶುದ್ಧಿಯಿಂದ ಮಕ್ಕಳಿಗೆ ಅಲರ್ಜಿ ಹೆಚ್ಚುತ್ತದೆ ಎಂಬ ಮಾತನ್ನೂ ಕೇಳುತ್ತೇವೆ. ಬ್ರಿಟನ್ನಿನ ಡೇವಿಡ್ ಸ್ಟ್ರಾಕನ್ 1989ರಲ್ಲಿ ಮುಂದಿಟ್ಟ ವಿಚಾರ ಅದರ ಮೂಲ. ದೊಡ್ಡ ಕುಟುಂಬದಲ್ಲಿ ಅಣ್ಣ ಅಕ್ಕಂದಿರ ನಡುವೆ ಬೆಳೆದ ಮಕ್ಕಳಲ್ಲಿ ಅಲರ್ಜಿಯ ನೆಗಡಿ ಕಡಿಮೆ ಎಂದು ಅವರು ಗಮನಿಸಿದ್ದರು. ಮಣ್ಣು, ಹಸು, ಅಂಗಳ, ಓರಗೆಯ ಮಕ್ಕಳು, ಇವೆಲ್ಲ ಮಗುವಿಗೆ ಬೇಕು. ಹಳಸಿದ ಹಾಲು ಆ ಪಟ್ಟಿಯಲ್ಲಿಲ್ಲ.

ಇಷ್ಟೆಲ್ಲ ಕುದಿಸುವ ಮನೆಯಲ್ಲೇ ಹುಟ್ಟಿದ ಕೂಸಿನ ನಾಲಿಗೆಗೆ ಬೆರಳಲ್ಲಿ ಜೇನು ಸವರುವುದನ್ನು ನೋಡಿದ್ದೇನೆ, ತೊಳೆಯದ ಸಾಣೆಕಲ್ಲಿನ ಮೇಲೆ ಬಜೆ ತೇಯ್ದು ನೆಕ್ಕಿಸುವುದನ್ನೂ. ಜೇನಿನಲ್ಲಿ ಬಾಟ್ಯುಲಿಸಂ ಎಂಬ ಕಾಯಿಲೆ ತರುವ ಬೀಜಾಣು ಇರಬಹುದು. ಅದು ಕುದಿಸಿದರೂ ಸಾಯದು, ಕೂಸಿನ ಸ್ನಾಯುಗಳನ್ನೇ ಸೋಲಿಸಿಬಿಡುತ್ತದೆ. ವರ್ಷ ತುಂಬುವವರೆಗೆ ಜೇನು ಬೇಡ. ಹಿರಿಯರಿಗೆ ನೋವಾದೀತು ಎಂಬ ದಾಕ್ಷಿಣ್ಯ ಈ ಒಂದು ವಿಷಯದಲ್ಲಿ ನನಗಿಲ್ಲ.

ಪ್ಲಾಸ್ಟಿಕ್ಕಿನ ಬಗ್ಗೆ ಎರಡು ಮಾತು. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಬಿಸಿನೀರು ತಾಗಿದ ಪಾಲಿಪ್ರೊಪಿಲೀನ್ ಬಾಟಲಿಗಳು ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಕಣಗಳನ್ನು ಬಿಡುತ್ತವೆ. ಹಾಗೆಂದು ಕುದಿಸುವುದನ್ನು ಬಿಡಬಾರದು. ಕುದಿಸಿದ ಬಾಟಲಿಯನ್ನು ಕುದಿಸಿ ಆರಿಸಿದ ನೀರಿನಲ್ಲಿ ಎರಡು ಮೂರು ಸಲ ಜಾಲಿಸಿ, ಪುಡಿಯನ್ನು ಸ್ಟೀಲು ಅಥವಾ ಗಾಜಿನ ಪಾತ್ರೆಯಲ್ಲಿ ಬೆರೆಸಿ ಆರಿದ ಮೇಲೆ ಬಾಟಲಿಗೆ ಸುರಿಯಿರಿ. ಸ್ಟೀಲಿನ ಒಳಲೆ ಇದ್ದವರಿಗೆ ಈ ತಾಪತ್ರಯವಿಲ್ಲ.

ಮೂರನೇ ತಿಂಗಳಿಗೆ ಮೊಮ್ಮಗ ಮೈ ತುಂಬಿಕೊಂಡು, ಎದೆಗೆ ಬಾಯಿ ಹಾಕಿದರೆ ಬಿಡದಂತಾದ. ಮಗಳು ಗಂಡನ ಮನೆಗೆ ಹೊರಡುವ ದಿನ ಬಾಟಲಿಗಳನ್ನೂ ಸ್ಟೆರಿಲೈಸರನ್ನೂ ರಟ್ಟಿನ ಪೆಟ್ಟಿಗೆಗೆ ತುಂಬಿ ಅಟ್ಟಕ್ಕೆ ಹಾಕಿದಳು. ಒಳಲೆಯನ್ನು ಮಾತ್ರ ಉಜ್ಜಿ, ಕುದಿಸಿ, ಬಿಸಿಲಿಗೆ ಹಾಸಿದ ಬಿಳಿ ಬಟ್ಟೆಯ ಮೇಲೆ ಬೋರಲಿಟ್ಟಿದ್ದಳು. “ಅಮ್ಮ, ಆರಿದೆಯಾ ನೋಡು, ಚೀಲಕ್ಕೆ ಹಾಕ್ಬೇಕು” ಎಂದು ಒಳಗಿನಿಂದ ಕೂಗಿದಳು. ಮೂತಿಯ ತುದಿಯಲ್ಲಿ ಇನ್ನೂ ಒಂದು ಹನಿ ನಿಂತಿತ್ತು. ಸ್ವಲ್ಪ ತಡಿ, ಎಂದೆ.