'ಆಸ್ಟಿಯರ್' ಎಂಬ ಶಬ್ದವೂ ಕಷಾಯರಸವೂ

ಭೋಗಗಳನ್ನು ತೊರೆದು ಅತಿ ಮಿತವಾಗಿ ನಡೆಯಿಸುವ ಬಾಳನ್ನು ಇಂಗ್ಲಿಷಿನವರು 'ಆಸ್ಟಿಯರ್' ಎಂಬ ವಿಶೇಷಣದಿಂದ ಹೇಳುತ್ತಾರೆ. ಕನ್ನಡಿಸುವವರು ಇದನ್ನು 'ಕಠೋರ'ವೆಂದೋ 'ವಿರಕ್ತ'ವೆಂದೋ ಬರೆಯುವುದುಂಟು. ನಾನೂ ಬಹುಕಾಲ 'ಕಠೋರ'ವೆಂದೇ ಪಾಠ ಹೇಳುತ್ತಿದ್ದೆನು. ಒಮ್ಮೆ ವಿದ್ಯಾರ್ಥಿಯೊಬ್ಬನು ಸಾಧುಸ್ವಭಾವದ ಆಚಾರ್ಯರೊಬ್ಬರ ವರ್ಣನೆಯನ್ನು ಪರಿವರ್ತಿಸಿ, ಅವರ ಬಾಳು ಕಠೋರವಾಗಿತ್ತೆಂದು ಬರೆದು ತಂದನು. ಓದಿದರೆ ಆ ಮಹನೀಯರು ಶಿಷ್ಯರನ್ನು ಹೊಡೆಯುತ್ತಿದ್ದರೇನೋ ಎನಿಸುತ್ತಿತ್ತು. ತಪ್ಪು ಹುಡುಗನದಲ್ಲ, ನನ್ನದು. ಶಬ್ದದ ಮೂಲವನ್ನು ವಿಚಾರಿಸಲು ತೊಡಗಿದುದು ಆಗಲೇ.

ಈ ಶಬ್ದವು ಗ್ರೀಕಿನ 'ಔಸ್ಟೇರೋಸ್' ಎಂಬುದರಿಂದ ಹೊರಟು ಲ್ಯಾಟಿನ್, ಫ್ರೆಂಚ್ ಭಾಷೆಗಳ ಮೂಲಕ 14ನೆಯ ಶತಮಾನದಲ್ಲಿ ಇಂಗ್ಲಿಷನ್ನು ಸೇರಿತು. ಮೂಲದಲ್ಲಿ ಇದು ನಡತೆಯ ಮಾತಲ್ಲ, ನಾಲಗೆಯ ಮಾತು. ನಾಲಗೆಯನ್ನು ಒಣಗಿಸಿ ಒರಟುಗೊಳಿಸುವ ದ್ರಾಕ್ಷಾಮದ್ಯಕ್ಕೆ ಗ್ರೀಕರು ಈ ವಿಶೇಷಣವನ್ನು ಹಾಕುತ್ತಿದ್ದರು. ಅಂದರೆ ಇದು ನಮ್ಮ ಒಗರು. ಇದರ ಹಿಂದಿರುವ 'ಔಓಸ್' ಶಬ್ದಕ್ಕೆ ಒಣಗಿದುದೆಂದು ಅರ್ಥ. ಭಾಷಾಶಾಸ್ತ್ರಜ್ಞರು ಇದನ್ನು ನಮ್ಮ 'ಶುಷ್ಕ'ದ ಜ್ಞಾತಿಯೆಂದು ನಿರ್ಣಯಿಸಿದ್ದಾರೆ. ಶುಷ್ಕದ ಆದ್ಯಕ್ಷರವು ಮೊದಲು ಸಕಾರವಾಗಿತ್ತೆಂಬುದಕ್ಕೆ ಅವೆಸ್ತಾದ 'ಹುಷ್ಕ'ವು ಸಾಕ್ಷಿ.

ಚರಕನು ಕಷಾಯರಸವನ್ನು ಲಕ್ಷಣೀಕರಿಸಿರುವ ರೀತಿಯನ್ನು ಇಲ್ಲಿ ಸ್ಮರಿಸಬೇಕು. ಅದು ನಾಲಗೆಯನ್ನು ಬಿಗಿದು ಜಡಗೊಳಿಸುತ್ತದೆ, ಗಂಟಲನ್ನು ಕಟ್ಟಿದಂತೆ ಮಾಡುತ್ತದೆ, ಅದು ಶೋಷಣಕಾರಿ. ಗ್ರೀಕ್ ಶಬ್ದದ ವ್ಯಾಖ್ಯಾನವೇ ಇದೆನ್ನಬಹುದು. ಅಷ್ಟೇ ಅಲ್ಲ, ಯತಿಗಳು ಧರಿಸುವ ವಸ್ತ್ರಕ್ಕೆ 'ಕಾಷಾಯ'ವೆಂದು ಹೆಸರು. ಕಷಾಯದಿಂದ ಬಣ್ಣ ಕಟ್ಟಿದುದೆಂಬ ಅರ್ಥದಲ್ಲಿ ಪಾಣಿನಿಯ 4-2-1ನೆಯ ಸೂತ್ರದಂತೆ ಇದು ಸಾಧುವಾಗುತ್ತದೆ. ಹಾಗಾದರೆ ಆಸ್ಟಿಯರ್ ಎಂಬುದಕ್ಕೆ ಕಷಾಯವೆಂದೇ ಹೇಳಬಾರದೆ? ಬಾರದು. ಛಾಂದೋಗ್ಯದ ಏಳನೆಯ ಪ್ರಪಾಠಕದಲ್ಲಿ ನಾರದನು ಕಷಾಯವನ್ನು ಕಳೆದುಕೊಂಡವನು. ಜೈನಾಗಮದಲ್ಲಿ ಕ್ರೋಧ, ಮಾನ, ಮಾಯಾ, ಲೋಭಗಳೇ ಚತುಷ್ಕಷಾಯಗಳು. ಹೀಗೆ ನಮ್ಮಲ್ಲಿ ಒಂದೇ ಶಬ್ದವು ತ್ಯಾಗಿಯ ಬಟ್ಟೆಗೂ ಆತನು ತೊಳೆದುಕೊಳ್ಳಬೇಕಾದ ಕಲ್ಮಷಕ್ಕೂ ಸಂಬಂಧಿಸಿತು. ಗ್ರೀಕಿನಲ್ಲಾದಂತೆ ರುಚಿಯಿಂದ ಶೀಲಕ್ಕೆ ಏರಲಿಲ್ಲ. ಇಂದಿನ ಓದುಗರಿಗಂತೂ ಕಷಾಯವೆಂದರೆ ಜ್ವರದ ಔಷಧವೇ ನೆನಪಾದೀತು.

'ವಿರಕ್ತ'ವೂ ಹೊಂದದು. ಅದು ರಾಗವಳಿದ ಚಿತ್ತವನ್ನು ಹೇಳುತ್ತದೆ. ಆಸ್ಟಿಯರ್ ಎಂಬುದಾದರೋ ಬಾಳಿನ ರೀತಿಯನ್ನು ಮಾತ್ರ. ಮನೆಮಕ್ಕಳುಳ್ಳ ಗೃಹಸ್ಥನೂ ಆಸ್ಟಿಯರ್ ಆಗಿರಬಹುದು. ಮೇಲಾಗಿ ಕನ್ನಡನಾಡಿನಲ್ಲಿ ವಿರಕ್ತರೆಂದರೆ ವೀರಶೈವಮಠಗಳ ಒಂದು ಪರಂಪರೆಯವರೆಂದೂ ಅರ್ಥವಾಗುತ್ತದೆ. ಬಾಳಿನ ವಿಷಯದಲ್ಲಿ 'ನಿರಾಡಂಬರ', 'ಮಿತಭೋಗದ' ಎಂಬವೇ ಲೇಸೆಂದು ನನಗೆ ತೋರುತ್ತದೆ.

ಸಾಹಿತ್ಯವಿಮರ್ಶೆಯಲ್ಲಿ ಈ ವಿಶೇಷಣವು ಹಳೆಯದು. ಕ್ರಿಸ್ತಪೂರ್ವ ಮೊದಲನೆಯ ಶತಮಾನದ ಹಾಲಿಕಾರ್ನಾಸಸಿನ ಡಯೊನೀಸಿಯಸನು ಪದಸಂಘಟನೆಯನ್ನು ಮೂರು ಬಗೆಯಾಗಿ ವಿಂಗಡಿಸಿ, ಒಂದನ್ನು ಔಸ್ಟೇರ ಎಂದನು. ದೊಡ್ಡ ಕಲ್ಲುಗಳನ್ನು ನಯಗೊಳಿಸದೆ ಜೋಡಿಸಿದಂತೆ ಪದಗಳು ಒಂದಕ್ಕೊಂದು ತಾಗಿ ನಿಲ್ಲುವುದು ಅದರ ಲಕ್ಷಣ. ಪಿಂಡಾರ್, ಈಸ್ಕಿಲಸ್, ಥುಸಿಡಿಡೀಸ್ ಅದಕ್ಕೆ ನಿದರ್ಶನ. ನಮ್ಮ ಆಲಂಕಾರಿಕರ ಪರುಷಾ ವೃತ್ತಿ ಇದಕ್ಕೆ ಸಮೀಪವೇ ಹೊರತು ಸಮಾನವಲ್ಲ. ಆ ವೃತ್ತಿಯು ವರ್ಣಗಳಲ್ಲಿ ನಿಲ್ಲುತ್ತದೆ, ಡಯೊನೀಸಿಯಸನದು ವಾಕ್ಯದವರೆಗೂ ವ್ಯಾಪಿಸುತ್ತದೆ. ಇಂದಿನ ವಿಮರ್ಶಕರು ಅಲಂಕಾರವಿಲ್ಲದ ಶೈಲಿಯನ್ನೂ ಆಸ್ಟಿಯರ್ ಎನ್ನುವುದರಿಂದ, ಎರಡನ್ನೂ ಒಂದೆಂದು ಬೋಧಿಸಬಾರದು.

ಇದರಿಂದಾದ 'ಆಸ್ಟೆರಿಟಿ' ಎಂಬ ಭಾವನಾಮವು ರಾಜ್ಯಾಡಳಿತವನ್ನೂ ಹೊಕ್ಕಿದೆ. ಯುದ್ಧಾನಂತರ ಬ್ರಿಟನ್ನಿನಲ್ಲಿ ಪಡಿತರವು 1954ರವರೆಗೆ ನಡೆದ ಕಾಲಕ್ಕೂ, 2010ರಿಂದ ಅಲ್ಲಿನ ಸರಕಾರವು ವೆಚ್ಚಗಳನ್ನು ಕಡಿದುದಕ್ಕೂ ಇದೇ ಹೆಸರು. ಈ ಪ್ರಯೋಗವನ್ನು ನಾನು ಒಪ್ಪಲಾರೆ. ತಾನಾಗಿ ಬಿಟ್ಟವನ ವ್ರತಕ್ಕೆ ಸಲ್ಲುವ ಹೆಸರನ್ನು ಕಿತ್ತುಕೊಳ್ಳಲ್ಪಟ್ಟವನ ಕೊರತೆಗೆ ಇಟ್ಟಂತಾಯಿತು. ಅಲ್ಲಿ 'ವೆಚ್ಚಕಡಿತ'ವೆಂದು ಬರೆದರೆ ಸಾಕು.

ನನ್ನ ಹಳೆಯ 'ಕಠೋರ'ಕ್ಕೆ ಸರಿಯಾದ ಸ್ಥಳವೊಂದು ಉಳಿದಿದೆ. ಲೂಕನ ಸುವಾರ್ತೆಯ 19ನೆಯ ಅಧ್ಯಾಯದಲ್ಲಿ ಸೇವಕನೊಬ್ಬನು ತನ್ನ ಒಡೆಯನನ್ನು ಔಸ್ಟೇರೋಸ್ ಎನ್ನುತ್ತಾನೆ. 1611ರ ಇಂಗ್ಲಿಷ್ ಪರಿವರ್ತನೆಯು ಆ ಶಬ್ದವನ್ನೇ ಉಳಿಸಿಕೊಂಡಿದೆ. ಅಲ್ಲಿನ ಒಡೆಯನು ಮಿತಭೋಗಿಯೆಂದು ಭೀತನಾದ ಆ ಸೇವಕನು ಹೇಳುತ್ತಿಲ್ಲ.