ಕಡು ಬೇಸಿಗೆಯ ಕಳಸಗಿತ್ತಿ

ಬಳ್ಳಾರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಎಂದು ನಮ್ಮವರೇ ನಗುತ್ತಾರೆ. ಮೇ ತಿಂಗಳ ಮಧ್ಯಾಹ್ನ ಸತ್ಯನಾರಾಯಣಪೇಟೆಯ ಬೀದಿ ಬಣಗುಡುತ್ತದೆ. ಬಿಸಿಲು 40 ಡಿಗ್ರಿ ದಾಟಿದರೂ ಇಲ್ಲಿ ಅದು ಸುದ್ದಿಯಲ್ಲ. ಹೊರಗೆ ಹೇಗೇ ಕಾಯಲಿ, ಬೆವರು ಸುರಿಸಿ ಸುರಿಸಿ ಮೈ ಸಾಮಾನ್ಯವಾಗಿ ತನ್ನನ್ನು 37ರ ಆಸುಪಾಸಿನಲ್ಲೇ ಇಟ್ಟುಕೊಳ್ಳುತ್ತದೆ. ಆ ಹಿಡಿತ ತಪ್ಪಿದಾಗ, ಇಲ್ಲವೇ ಜ್ವರ ಏರಿದಾಗ, ಒಳಗಿನ ಪ್ರೊಟೀನುಗಳಿಗೆ ಕುತ್ತು.

ಪ್ರೊಟೀನ್ ಎಂದರೆ ಅಮೈನೊ ಆಮ್ಲಗಳ ಉದ್ದನೆಯ ಸರ. ಸರಿಯಾಗಿ ಮಡಚಿಕೊಂಡರಷ್ಟೇ ಅದು ಕೆಲಸಕ್ಕೆ ಬರುತ್ತದೆ. ಬಿಸಿಗೆ ಮಡಿಕೆ ಬಿಚ್ಚಿದರೆ ಸರಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಬೇಯಿಸಿದ ಮೊಟ್ಟೆಯ ಲೋಳೆ ಬೆಳ್ಳಗೆ ಗಟ್ಟಿಯಾಗುವುದು ಹೀಗೆಯೇ. ಆರಿದ ಮೇಲೂ ಅದು ಮತ್ತೆ ಲೋಳೆಯಾಗದು.

ಈ ಗಂಟು ಬೀಳದಂತೆ ಕಾಯುವ ಪ್ರೊಟೀನುಗಳೇ ಶಾಪರೋನ್‌ಗಳು. ನಮ್ಮ ಮದುವೆಯ ಕಳಸಗಿತ್ತಿಯನ್ನು ನೆನೆಯಿರಿ. ಶಾಸ್ತ್ರ ಮುಗಿಯುವವರೆಗೆ ಮದುಮಗಳ ಪಕ್ಕ ಬಿಡುವುದಿಲ್ಲ, ಮುಗಿದ ಮೇಲೆ ತನ್ನ ಮನೆಗೆ ಹೊರಡುತ್ತಾಳೆ, ಸಂಸಾರ ಅವಳದಲ್ಲ. ಶಾಪರೋನ್ ಕೂಡ ಮಡಿಕೆ ಕೂಡುವ ತನಕ ಜೊತೆಗಿದ್ದು, ಕೈಬಿಟ್ಟು, ಇನ್ನೊಂದು ಸರದತ್ತ ನಡೆಯುತ್ತದೆ.

ಇವುಗಳ ಜಾಡು ಸಿಕ್ಕಿದ್ದೂ ಶಾಖದ ಅವಾಂತರದಿಂದಲೇ. ಇಟಲಿಯ ಫೆರುಚ್ಚೊ ರಿಟೊಸ್ಸಾ ಹಣ್ಣುನೊಣದ ಜೀವಕೋಶಗಳನ್ನು ಇಟ್ಟಿದ್ದ ಪೆಟ್ಟಿಗೆಯ ಬಿಸಿಯನ್ನು ಯಾರೋ ಏರಿಸಿಬಿಟ್ಟಿದ್ದರು. ಎಸೆಯದೆ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರೆ ವರ್ಣತಂತುಗಳ ಮೇಲೆ ಹೊಸ ಉಬ್ಬುಗಳು! ಅದನ್ನು ಅವರು ಪ್ರಕಟಿಸಿದ್ದು 1962ರಲ್ಲಿ. ಆ ಉಬ್ಬುಗಳ ಬೆನ್ನುಹತ್ತಿದವರಿಗೆ ಮುಂದೆ ಸಿಕ್ಕವು ಶಾಖಾಘಾತ ಪ್ರೊಟೀನುಗಳು: ಎಚ್‌ಎಸ್‌ಪಿ70, ಎಚ್‌ಎಸ್‌ಪಿ90 ಮುಂತಾದವು. ಅಂಕಿ ಅವುಗಳ ತೂಕದ್ದು, ಸಾವಿರ ಡಾಲ್ಟನ್ ಲೆಕ್ಕದಲ್ಲಿ.

ಶಾಖವಿಲ್ಲದಾಗಲೂ ಇವಕ್ಕೆ ಬಿಡುವಿಲ್ಲ. ಕಣ್ಣಿನ ಮಸೂರದ ನಡುಭಾಗದ ಪ್ರೊಟೀನುಗಳು ಹುಟ್ಟಿದಂದಿನಿಂದ ಬದಲಾಗುವುದೇ ಇಲ್ಲ. ಆಲ್ಫಾ ಕ್ರಿಸ್ಟಲಿನ್ ಎಂಬ ಶಾಪರೋನ್ ಅವನ್ನು ದಶಕಗಟ್ಟಲೆ ಕಾಯುತ್ತದೆ. ಅದು ಸವೆದಂತೆ ಗಂಟುಗಳು ಉಳಿಯುತ್ತವೆ, ಪೊರೆ ಬರುತ್ತದೆ.

ಆದರೆ ಈ ಕಳಸಗಿತ್ತಿಗೆ ನಮ್ಮವರು, ಪರರು ಎಂಬ ಭೇದವಿಲ್ಲ. ತಣ್ಣನೆಯ ಸೊಳ್ಳೆಯಿಂದ ನಮ್ಮ ಬೆಚ್ಚನೆಯ ನೆತ್ತರಿಗೆ ಬೀಳುವ ಮಲೇರಿಯಾ ಪರಾವಲಂಬಿ ಜ್ವರವನ್ನೂ ತಡೆದುಕೊಳ್ಳಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉತ್ಪಲ್ ಟಾಟು ಅವರ ತಂಡ, ಕೆಂಪು ರಕ್ತಕಣದೊಳಗೆ ಅದು ಬೆಳೆಯಲು ಅದರದೇ ಎಚ್‌ಎಸ್‌ಪಿ90 ಬೇಕೇ ಬೇಕೆಂದು 2003ರಲ್ಲಿ ತೋರಿಸಿತು. ಮರುವರ್ಷದ ಪ್ರಬಂಧ ಇನ್ನೂ ವಿಚಿತ್ರ: ಮರುಕಳಿಸುವ ಜ್ವರದ ಶಾಖ ಪರಾವಲಂಬಿಯ ಬೆಳವಣಿಗೆಗೆ ಒತ್ತಾಸೆಯಾಗುತ್ತದೆ. ನಾವು ನಡುಗುತ್ತಿದ್ದರೆ ಅದು ಚೇತರಿಸಿಕೊಳ್ಳುತ್ತಿರುತ್ತದೆ!

ಹಾಗಿದ್ದರೆ ಎಚ್‌ಎಸ್‌ಪಿ90ರ ಕೈ ಕಟ್ಟಿಹಾಕಬಾರದೇಕೆ? ಮಣ್ಣಿನ ಬ್ಯಾಕ್ಟೀರಿಯಾದಿಂದ ಬಂದ ಗೆಲ್ಡನಮೈಸಿನ್ ಅದನ್ನೇ ಮಾಡುತ್ತದೆ. ತೊಡಕು ಒಂದೇ, ಪರಾವಲಂಬಿಯದೂ ನಮ್ಮದೂ ದಾಯಾದಿಗಳಷ್ಟು ಹೋಲುತ್ತವೆ. ಆ ವಸ್ತು ನಮ್ಮ ಯಕೃತ್ತಿಗೂ ವಿಷ. ಕ್ಯಾನ್ಸರ್ ಕೋಶಗಳೂ ಇದೇ ಶಾಪರೋನಿಗೆ ಜೋತುಬಿದ್ದಿರುವುದರಿಂದ ಹುಡುಕಾಟ ಆ ಕಡೆಯೂ ನಡೆಯಿತು. ಹಲವು ಔಷಧಿಗಳು ಪ್ರಯೋಗದಲ್ಲೇ ಮುಗ್ಗರಿಸಿದ ಮೇಲೆ, ಜೀರ್ಣಾಂಗದ ಒಂದು ಬಗೆಯ ಗೆಡ್ಡೆಗೆಂದು ಪಿಮಿಟೆಸ್ಪಿಬ್ ಎಂಬುದಕ್ಕೆ 2022ರಲ್ಲಿ ಜಪಾನ್ ಒಪ್ಪಿಗೆ ಕೊಟ್ಟಿತು.