ಜಠರದ ಕ್ಯಾನ್ಸರ್‌ಗೆ ಕಾಲು ಬರುವುದು ಹೇಗೆ?

ಜಠರದ ಒಳಪದರದ ಕೋಶಗಳು ಇಟ್ಟಿಗೆ ಗೋಡೆಯ ಹಾಗೆ ಒತ್ತೊತ್ತಾಗಿ ಕೂತಿರುತ್ತವೆ. ನಡುವಿನ ಗಾರೆ ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನ್. ಗಾರೆ ಉದುರಿದರೆ ಕ್ಯಾನ್ಸರ್ ಕೋಶ ಸಡಿಲವಾಗಿ ಯಕೃತ್ತಿನತ್ತಲೋ ಉದರದ ಪೊರೆಯತ್ತಲೋ ಹೊರಡಬಹುದು. ಹಾಗಾದರೆ ಉದುರಿಸುವವರು ಯಾರು? ಒಬ್ಬ ಶಂಕಿತ, 2007ರಲ್ಲಿ ವರದಿಯಾದ ಹಾಟೇರ್ ಎಂಬ ಆರ್‌ಎನ್‌ಎ. ಸುಮಾರು 2,200 ಅಕ್ಷರಗಳಷ್ಟು ಉದ್ದವಿದ್ದರೂ ಇದರಿಂದ ಪ್ರೋಟೀನ್ ತಯಾರಾಗುವುದಿಲ್ಲ. 200 ಅಕ್ಷರ ಮೀರಿದ ಇಂಥವನ್ನೇ ಉದ್ದನೆಯ ನಾನ್‌ಕೋಡಿಂಗ್ ಆರ್‌ಎನ್‌ಎ ಎನ್ನುವುದು. ಜೀನುಗಳ ಬಾಯಿಗೆ ಬೀಗ ಹಾಕುವ ಪಿಆರ್‌ಸಿ2 ಎಂಬ ಪ್ರೋಟೀನ್ ಗುಂಪಿಗೆ ಇದು ದಾರಿ ತೋರಿಸುತ್ತದೆ ಎಂಬುದು ಮೊದಲ ವಿವರಣೆ. ಇ-ಕ್ಯಾಡ್ಹೆರಿನ್ ಜೀನಿಗೂ ಬೀಗ ಬಿದ್ದರೆ ಗಾರೆ ಉದುರಿದಂತೆಯೇ.

ಗೆಡ್ಡೆಯಲ್ಲಿ ಹಾಟೇರ್ ಹೆಚ್ಚಿದ್ದ ಮಾತ್ರಕ್ಕೆ ಅದೇ ಅಪರಾಧಿಯೇ, ಬೆಂಕಿ ಬಿದ್ದಲ್ಲಿ ಹೊಗೆಯೂ ಇರುತ್ತದಲ್ಲ ಎಂದು ಕೇಳಬಹುದು. ನ್ಯಾಯವಾದ ಆಕ್ಷೇಪ. ಆದರೆ ಪ್ರಯೋಗಾಲಯದಲ್ಲಿ ಜಠರ ಕ್ಯಾನ್ಸರ್ ಕೋಶಗಳಲ್ಲಿ ಹಾಟೇರ್ ತಗ್ಗಿಸಿದಾಗ ಅವುಗಳ ನುಗ್ಗುವ ಚಟ ಕುಗ್ಗಿತು, ಸಡಿಲಗೊಂಡಿದ್ದವು ಮತ್ತೆ ಅಂಟಿಕೊಳ್ಳುವ ಸ್ವಭಾವಕ್ಕೆ ಮರಳಿದವು. ಹೊಗೆ ಆರಿಸಿದರೆ ಬೆಂಕಿ ತಣ್ಣಗಾಗುವುದಿಲ್ಲ. ಆದ್ದರಿಂದ ಹಾಟೇರ್ ಬರೀ ಸಾಕ್ಷಿಯಲ್ಲ, ಕೃತ್ಯದಲ್ಲಿ ಪಾಲುದಾರ ಎಂದೇ ನನ್ನ ವಾದ.

ಹಾಗೆಂದು ಇದನ್ನು ತಡೆಯುವ ಔಷಧಿ ನಾಳೆಯೇ ಬರುತ್ತದೆ ಎನ್ನುವವರ ಜೊತೆ ನಾನಿಲ್ಲ. ಹಾಟೇರ್ ಪಿಆರ್‌ಸಿ2 ಇಲ್ಲದೆಯೂ ಜೀನುಗಳನ್ನು ಅಡಗಿಸಬಲ್ಲದು ಎಂದು ಮುಂದೆ ಕಂಡುಬಂತು, ಅಂದರೆ ಮೊದಲ ವಿವರಣೆಯೇ ಅರೆಬರೆ. ಹಾಟೇರ್‌ನದೇ ಜಾತಿಯ ಇನ್ನೊಂದು ಆರ್‌ಎನ್‌ಎ ಮಲಾಟ್1 ಕೂಡ ಕ್ಯಾನ್ಸರ್ ಹರಡಿಸುತ್ತದೆ ಎಂದೇ ಹೆಸರಾಗಿತ್ತು. ಆದರೆ 2018ರಲ್ಲಿ ಇಲಿಗಳ ಸ್ತನ ಕ್ಯಾನ್ಸರ್‌ನಲ್ಲಿ ಅದನ್ನು ತೆಗೆದುಹಾಕಿದಾಗ, ಹರಡುವಿಕೆ ಇನ್ನೂ ಜಾಸ್ತಿಯಾಯಿತು.